ಘಾಟಿ ಏರುವಾಗಲಷ್ಟೇ ಬಾಯಿಬಿಟ್ಟ ಗ್ಯಾಸ್ಕೆಟ್

ಎಂಜಿನ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನಿಮಗೆ ಉಪದೇಶ ಮಾಡಿದರೆ ಆ ಮಹನೀಯರಿಗೊಂದು ನಮಸ್ಕಾರ ಹಾಕಿ ನಿಮ್ಮ ಕೆಲಸ ನೋಡಿಕೊಳ್ಳಿ. ಸುಳ್ಳು ಹೇಳುತ್ತದೆ. ನಿಂತಲ್ಲೇ ನಿಂತು, ಮೆಲ್ಲಗೆ ಗುರುಗುಡುತ್ತ, ಸಾಧುವಿನಂತೆ ಹೇಳುತ್ತದೆ. ಮುಂಬಯಿಯಲ್ಲಿ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬಾನೆಟ್ಟಿನ ಕೆಳಗೆ ತಲೆಯಿಟ್ಟು ದುಡಿದು, ಈಗ ಬೆನ್ನು ನೇರವಾಗಲು ಒಪ್ಪದ ಕಾರಣ ನಿವೃತ್ತನಾಗಿರುವ ನಾನು ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನಿಮಗೆ, ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಬೇಡ. ಬಂದದ್ದು ಒಂದೇ ಶಾಲು, ಅದೂ ಪಾಲಿಯೆಸ್ಟರ್. ನಿಮಗೆ ಬೇಕಾದ್ದು ನಾನು ಎಲ್ಲೆಲ್ಲಿ ಎಡವಿದೆ ಎಂಬುದು. ಆ ಸರಕು ನನ್ನಲ್ಲಿ ಧಾರಾಳವಾಗಿದೆ.

ಗದಗ ಜಿಲ್ಲೆಯಿಂದ ಗಾರೆ ಕೆಲಸಕ್ಕೆಂದು ಬಂದವನು ನಾನು. ಸಿಮೆಂಟಿಗೆ ಕೈ ಬಿರಿದು, ಇದಕ್ಕಿಂತ ಎಣ್ಣೆಯೇ ವಾಸಿ ಎಂದು ಬೈಕುಲ್ಲಾದ ಒಂದು ಗ್ಯಾರೇಜು ಸೇರಿದೆ. ಅಲ್ಲಿನ ಹಿರಿಯ ಮಿಸ್ತ್ರಿಯನ್ನು, ಎಂದರೆ ಮೆಕ್ಯಾನಿಕ್ಕನ್ನು, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಹೆಡ್ ಗ್ಯಾಸ್ಕೆಟ್ ಎಂದರೇನು ಎಂದು ಆತ ಕಲಿಸಿದ್ದನ್ನು ನಿಮಗೂ ದಾಟಿಸುತ್ತೇನೆ. ಎಂಜಿನ್ ಎಂದರೆ ಮುಂಬಯಿಯ ಒಂದು ಚಾಳ್, ಬಾಡಿಗೆ ವಠಾರ. ಅದರಲ್ಲಿ ಮೂವರು ಬಾಡಿಗೆದಾರರು: ಬೆಂಕಿ, ನೀರು, ಎಣ್ಣೆ. ಒಬ್ಬರ ಮುಖ ಒಬ್ಬರಿಗೆ ಆಗದು. ಎಂಜಿನ್ನಿನ ಕೆಳಭಾಗಕ್ಕೂ ಮೇಲಿನ ಹೆಡ್ಡಿಗೂ ನಡುವೆ ತೆಳ್ಳಗಿನ ಒಂದು ಹಾಳೆಯಿದೆ. ಮೂವರನ್ನೂ ಬೇರೆ ಬೇರೆ ಇಡುವ ಗೋಡೆ ಅದೊಂದೇ, ಅದೇ ಗ್ಯಾಸ್ಕೆಟ್. ಗೋಡೆ ಒಂದು ಕೂದಲೆಳೆಯಷ್ಟು ಬಿರಿದರೂ ಚಾಳಿನಲ್ಲಿ ಮಹಾಯುದ್ಧ.

ಆದರೆ ಬಿರಿದಿದೆಯೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ. ಹೆಡ್ ಬಿಚ್ಚಿದರೆ ಕಾಣುತ್ತದೆ, ಬಿಚ್ಚುವುದೆಂದರೆ ಆಪರೇಶನ್. ಆದ್ದರಿಂದ ಉಸ್ತಾದರ ಗ್ಯಾರೇಜಿನಲ್ಲಿ ಒಂದು ಶಾಸನವಿತ್ತು: ಹೆಡ್ ಬಿಚ್ಚಿಸಿದವನ ಮಾತು ಸುಳ್ಳಾಗಿ, ಗ್ಯಾಸ್ಕೆಟ್ ನೆಟ್ಟಗಿದ್ದರೆ, ಆ ನಿರಪರಾಧಿ ಗ್ಯಾಸ್ಕೆಟ್ಟನ್ನು ಅವನ ಕೊರಳಿಗೆ ಹಾಕಲಾಗುತ್ತಿತ್ತು. ಅವನು ಹಾಗೆಯೇ ಗಾಡಿಯ ಮಾಲೀಕನೆದುರು ಹೋಗಿ ಕ್ಷಮೆ ಕೇಳಬೇಕು. ನಾನು ಸೇರಿದ ಮೂರನೇ ಮಳೆಗಾಲದಲ್ಲಿ ಒಂದು ಟ್ಯಾಕ್ಸಿಯ ಎಣ್ಣೆ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೆನೆ ಕಂಡಿತು. ಎಣ್ಣೆಗೆ ನೀರು ಸೇರಿದೆ, ಗ್ಯಾಸ್ಕೆಟ್ ಹೋಗಿದೆ ಎಂದು ಘೋಷಿಸಿ ಹೆಡ್ ಇಳಿಸಿದೆ. ಗ್ಯಾಸ್ಕೆಟ್ ಮದುಮಗಳಂತಿತ್ತು. ಗಾಡಿ ಎರಡು ವಾರ ಸ್ಟೇಷನ್ನಿಗೂ ಮಾರ್ಕೆಟ್ಟಿಗೂ ಮಾತ್ರ ಓಡಿ, ಎಂಜಿನ್ ಪೂರ್ತಿ ಕಾಯದೆ, ಮಳೆಗಾಲದ ತೇವವೇ ಒಳಗೆ ಬೆವರಾಗಿ ನಿಂತಿತ್ತು, ಅಷ್ಟೇ. ನಾನು ಮಾಲಾಲಂಕೃತನಾಗಿ ಟ್ಯಾಕ್ಸಿಯವನ ಮುಂದೆ ನಿಂತೆ. ಆತ ಎರಡು ಸುತ್ತು ಸುತ್ತಿ ನೋಡಿ, "ಅಚ್ಛಾ ಲಗ್ ರಹಾ ಹೈ," ಚೆನ್ನಾಗಿ ಒಪ್ಪುತ್ತದೆ, ಎಂದ. ಅಂದಿನಿಂದ ಮುಚ್ಚಳದ ಕೆನೆಯೊಂದನ್ನೇ ನಂಬಿ ನಾನು ಯಾರನ್ನೂ ದೂರಿದ್ದಿಲ್ಲ.

ಆಗಿನ ಪರೀಕ್ಷೆಗಳೆಲ್ಲ ಮೂಗು, ಕಿವಿ, ಅಂಗೈಗಳದ್ದು. ಹೊಗೆಯ ಮುಂದೆ ಕೈ ಹಿಡಿದು ತೇವ ನೋಡುವುದು, ಹೋಸ್ ಪೈಪು ಒತ್ತಿ ನಾಡಿ ನೋಡುವುದು. ಒಬ್ಬ ಮಿಸ್ತ್ರಿ ರೇಡಿಯೇಟರಿನ ಕೂಲೆಂಟನ್ನು, ಎಂದರೆ ಎಂಜಿನ್ ತಣಿಸುವ ನೀರನ್ನು, ನಾಲಿಗೆಗೆ ಹಚ್ಚಿ ನೋಡುತ್ತಿದ್ದ; ಅದು ವಿಷ, ನೀವು ಹಾಗೆ ಮಾಡಬೇಡಿ. ಆಮೇಲೆ ನಾನು ಭಾಂಡುಪ್‌ನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗ್ಯಾರೇಜಿಗೆ ಬಂದೆ. ಅಲ್ಲಿ ಗಾಡಿಯ ವೈರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್ ಬಂತು. ಮ್ಯಾನೇಜರ್ ಸಾಹೇಬರು ಅದಕ್ಕೆ ದಸರೆಯಲ್ಲಿ ಪೂಜೆ ಮಾಡಿ, ಉಳಿದ ದಿನಗಳಲ್ಲಿ ಅದು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಅದು ಒಳ್ಳೆಯ ಯಂತ್ರ. ಆದರೆ ಗ್ಯಾಸ್ಕೆಟ್ಟಿಗೆ ವೈರು ಇಲ್ಲ. ಅದರ ಮನಸ್ಸಿನಲ್ಲಿರುವುದು ಸ್ಕ್ಯಾನರಿಗೆ ತಿಳಿಯದು.

ಇನ್ನು ಮುಖ್ಯ ಮೊಕದ್ದಮೆ. ಇದು ನನ್ನ ನಿವೃತ್ತಿಗೆ ಕೆಲವೇ ತಿಂಗಳು ಮೊದಲು ನಡೆದದ್ದು. ನೆನೆದರೆ ಈಗಲೂ ಕುರ್ಚಿಯ ಮೇಲೆ ನೆಟ್ಟಗೆ ಕೂರುವಂತಾಗುತ್ತದೆ, ಬೆನ್ನು ಬೇಡವೆಂದರೂ.

ಮುಲುಂಡಿನಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ವಾಸುದೇವಣ್ಣ ಒಂದು ಬೆಳಿಗ್ಗೆ ಟರ್ಬೊ ಪೆಟ್ರೋಲ್ ಕಾರೊಂದನ್ನು ಟೋ ಮಾಡಿಸಿಕೊಂಡು ಬಂದರು. ಜೊತೆಗೆ ಮಗಳು ಮೇಘನಾ. ಆಕೆ ದನ, ನಾಯಿ, ಬೆಕ್ಕುಗಳ ಡಾಕ್ಟರ್. ಬೆಳಿಗ್ಗೆ ತಬೇಲಾ ಎಂಬ ಹಾಲಿನ ಕೊಟ್ಟಿಗೆಗಳ ಎಮ್ಮೆಗಳು, ಸಂಜೆ ವಸತಿ ಸೊಸೈಟಿಗಳ ನಾಯಿಗಳು ಆಕೆಯ ರೋಗಿಗಳು. ಕಾರು ಆಕೆಯದು, ಆದರೆ ಆ ದಿನ ಚಾವಿ ಅಪ್ಪನ ಅಂಗಿ ಜೇಬಿನಲ್ಲಿತ್ತು.

"ಮಿಸ್ತ್ರಿಯವರೇ, ಒಂದು ಮಾತು ಹೇಳಿ," ಎಂದು ವಾಸುದೇವಣ್ಣ ಪೀಠಿಕೆ ಹಾಕಿದರು. "ಕೂಲೆಂಟ್ ಕಡಿಮೆ ಆಗ್ತಾ ಉಂಟು. ಏರು ಚಡಾವು ಬಂದ್ರೆ ಬಿಸಿ ತೋರಿಸುವ ಕಾಂಟಾ ಮೇಲೆ ಹೋಗ್ತದೆ. ದೊಡ್ಡ ಸರ್ವೀಸ್ ಸೆಂಟರಿನವ್ರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಗಾಡಿ ಕಾಯಿಸಿ ಓಡಿಸಿದ್ದಾರೆ ಅಂದ್ರು. ಇವಳಿಗೆ ಎಕ್ಸಲೇಟರ್ ಅಂದ್ರೆ ಗ್ರೈಂಡರಿನ ಸ್ವಿಚ್ಚು. ಹಾಕಿದ್ರೆ ಫುಲ್ಲು! ಅವರು ಹೇಳಿದ್ದು ಹೌದಾದ್ರೆ ಭಾನುವಾರ ಗಾಡಿ ಮಾರುವುದೇ. ಮತ್ತೆ ಗಾಡಿ ಇಲ್ಲ."

"ಪಪ್ಪಾ, ನಾನು ಕಾಯಿಸ್ಲಿಲ್ಲ," ಎಂದಳು ಮೇಘನಾ. ಆಕೆಯ ಕನ್ನಡ ನಿಂತು ನಿಂತು ನಡೆಯುತ್ತಿತ್ತು. "ಅಂಕಲ್, ಕಾಂಟಾ ಮೇಲೆ ಹೋಯ್ತು ಅಂದ್ರೆ ನಾನು ಪ್ರತಿ ಸಲ ತಕ್ಷಣ್ ನಿಲ್ಲಿಸಿದೆ. ಸಚ್ಚಿ. ಗಾಡಿ ಹೋದ್ರೆ ನನ್ನ ಕೆಲಸ ಖತಂ. ನಾಯಿ ಜೊತೆ ಆಟೋದವ್ರು ಹತ್ತಿಸೋದಿಲ್ಲ. ತಬೇಲಾದಲ್ಲಿ ಎಮ್ಮೆ ಕರು ಹಾಕೋವಾಗ ನಾನು ಲೋಕಲ್‌ಗೆ ಕಾಯ್ಬೇಕಾ?"

ಹೀಗೆ ನನ್ನ ಮುಂದೆ ಇಬ್ಬರು ಆರೋಪಿಗಳು ನಿಂತರು. ಒಂದು ಗ್ಯಾಸ್ಕೆಟ್, ಇನ್ನೊಬ್ಬಳು ಹುಡುಗಿ. ಮೊದಲನೆಯದು ಅಪರಾಧಿಯೆಂದಾದರೆ ಎರಡನೆಯವಳಿಗೆ ಶಿಕ್ಷೆ. ನಾನು ಗಂಭೀರವಾಗಿ ಕೈ ಒರೆಸಿಕೊಂಡೆ.

"ಡಾಕ್ಟರಮ್ಮಾರ, ನೀವು ಕುಂದರ್ರಿ. ಅಣ್ಣಾರ, ನೀವೂ ಕುಂದರ್ರಿ. ವಿಚಾರಣಿ ಆಗೂತನಕ ಯಾರಿಗೂ ಶಿಕ್ಷಾ ಇಲ್ಲ," ಎಂದೆ.

ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ಬಾಟಲಿಯ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ. ಬೆಂಕಿಯ ಗಾಳಿ ನೀರಿಗೆ ನುಗ್ಗಿದ್ದರೆ ಗುಳ್ಳೆ ಏಳಬೇಕು. ಏಳಲಿಲ್ಲ. ಎಣ್ಣೆ ನೋಡಿದೆ, ಶುದ್ಧ. ನಾಲ್ಕೂ ಸಿಲಿಂಡರಿನ ಒತ್ತಡ ಅಳೆದೆ, ಅಣ್ಣತಮ್ಮಂದಿರಂತೆ ಸಮಸಮ. ಕೊನೆಗೆ ನೀಲಿ ದ್ರವದ ಪರೀಕ್ಷೆ. ಕೂಲೆಂಟ್ ಬಾಟಲಿಯ ಗಾಳಿಯನ್ನು ಈ ದ್ರವದೊಳಗೆ ಎಳೆದರೆ, ಅದರಲ್ಲಿ ಸುಟ್ಟ ಗಾಳಿ ಬೆರೆತಿದ್ದಾಗ ನೀಲಿ ಹೋಗಿ ಹಳದಿಯಾಗುತ್ತದೆ. ಹತ್ತು ನಿಮಿಷ ಎಳೆದೆ. ದ್ರವ ನೀಲಿ ಬಿಟ್ಟು ಕದಲಲಿಲ್ಲ.

ಆಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೇಘನಾ ಬಗ್ಗಿ ನೋಡಿದಳು.

"ಅಂಕಲ್, ಮೂರು ಪ್ಲಗ್ ಕಂದು ಬಣ್ಣ. ಈ ಮೂರನೇ ನಂಬರಿಂದು ಇಷ್ಟು ಸಾಫ್ ಯಾಕೆ? ನಾಲ್ಕು ಕರುಗಳಲ್ಲಿ ಒಂದೇ ಬೇರೆ ಕಂಡ್ರೆ ನಾನು ಅದನ್ನೇ ಮೊದಲು ನೋಡ್ತೇನೆ."

"ಚಲೋ ಪ್ಲಗ್ ಇರಬೇಕ್ರಿ," ಎಂದೆ.

ಈ ವಾಕ್ಯವನ್ನು ನೀವು ದೊಡ್ಡ ಅಕ್ಷರದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳಬಹುದು. ನಲವತ್ತು ವರ್ಷದ ಅನುಭವ ಎದುರಿನ ಸಾಕ್ಷಿಯನ್ನು ಹೇಗೆ ಗದರಿಸಿ ಕೂರಿಸುತ್ತದೆ ಎಂಬುದಕ್ಕೆ ಅದು ಮಾದರಿ. ಪ್ಲಗ್ ಸಾಫ್ ಇದ್ದದ್ದು ಆ ಸಿಲಿಂಡರಿಗೆ ನೀರು ಸೋರಿ, ಹಬೆಯಾಗಿ, ಅದನ್ನು ದಿನಾ ತೊಳೆಯುತ್ತಿದ್ದುದರಿಂದ. ನನಗದು ಗೊತ್ತಿಲ್ಲದ್ದಲ್ಲ. ಆದರೆ ದ್ರವ ನೀಲಿ ಇದೆಯಲ್ಲ ಎಂಬ ಠೇಂಕಾರ. ಬಾಟಲಿಯ ಮುಚ್ಚಳದ ಸ್ಪ್ರಿಂಗ್ ಸಡಿಲವಿತ್ತು. ಎಲ್ಲ ತಪ್ಪನ್ನೂ ಆ ಬಡಪಾಯಿಯ ಮೇಲೆ ಹೊರಿಸಿ, ಹೊಸ ಮುಚ್ಚಳ ಹಾಕಿ, ಗ್ಯಾಸ್ಕೆಟ್ ನಿರ್ದೋಷಿ ಎಂದು ತೀರ್ಪಿತ್ತೆ. ವಾಸುದೇವಣ್ಣ ಒಲ್ಲದ ಮನಸ್ಸಿನಿಂದ ಚಾವಿ ಮಗಳ ಕೈಗೆ ಕೊಟ್ಟರು.

ಮೂರನೇ ದಿನ ಬೆಳಿಗ್ಗೆ ಮೇಘನಾಳ ಫೋನು.

"ಅಂಕಲ್, ಠಾಣೆ ಸಿಟಿಯಾಚೆ ಘಾಟಿ ಚಡಾವಿನಲ್ಲಿ ಇದ್ದೇನೆ. ಕಾಂಟಾ ಮೇಲೆ ಹೋಯ್ತು. ನಿಲ್ಲಿಸಿದೆ. ಬಾನೆಟ್ ತೆರೆದಿಲ್ಲ, ಮುಚ್ಚಳ ಮುಟ್ಟಿಲ್ಲ."

ಬಿಸಿ ಎಂಜಿನ್ನಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಮಿಸ್ತ್ರಿಗಳನ್ನು ನಾನು ನೋಡಿದ್ದೇನೆ. ಈ ಹುಡುಗಿಗೆ ಯಾರೂ ಹೇಳದೆಯೇ ಆ ಬುದ್ಧಿಯಿತ್ತು. ಕಾರು ಮತ್ತೆ ಟೋ ಆಗಿ ಬಂತು. ಹಿಂದಿನಿಂದ ರಿಕ್ಷಾದಲ್ಲಿ ವಾಸುದೇವಣ್ಣ ಬಂದರು. ಇಳಿಯುತ್ತಲೇ ಕೈ ಚಾಚಿದರು. ಚಾವಿ ಮತ್ತೆ ಜೇಬು ಸೇರಿತು.

"ಎಂತದು ಮಾರಾಯ್ರೆ ನಿಮ್ಮ ತೀರ್ಪು? ನಮ್ಮ ಹೋಟೆಲಿನ ದೋಸೆ ಹಿಟ್ಟಾದ್ರೂ ಇದಕ್ಕಿಂತ ಹೆಚ್ಚು ದಿನ ನಿಲ್ತದೆ!"

"ತಪ್ಪಾತ್ರಿ ಅಣ್ಣಾರ," ಎಂದೆ. ಈ ಎರಡು ಶಬ್ದ ಕಲಿಯಿರಿ. ಸ್ಕ್ಯಾನರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಆಮೇಲೆ ತಲೆ ಕೆರೆದುಕೊಂಡು ಯೋಚಿಸಿದೆ. ನಿಂತಾಗ ಏನೂ ಇಲ್ಲ, ಚಡಾವಿನಲ್ಲಿ ಮಾತ್ರ ಕಾಯುತ್ತದೆ. ಏಕೆ? ಅಷ್ಟರಲ್ಲಿ ಮೇಘನಾಳೇ ಅಂದಳು, "ಅಂಕಲ್, ಮನುಷ್ಯರಿಗೆ ಹಾರ್ಟ್ ಟೆಸ್ಟ್ ಮಾಡ್ತಾರಲ್ಲ, ಮಲಗಿದಾಗ ಎಲ್ಲ ನಾರ್ಮಲ್. ಓಡಿಸಿದ್ರೆ ಗೊತ್ತಾಗ್ತದೆ."

ಅಯ್ಯೋ ಶಿವನೇ! ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ತುರುಕಿ ತುರುಕಿ ಉಣ್ಣಿಸುವ ಫ್ಯಾನು. ಗಾಡಿ ನಿಂತಾಗ ಅದು ನಿದ್ದೆಯಲ್ಲಿರುತ್ತದೆ. ಎಕ್ಸಲೇಟರ್ ಒತ್ತಿ ಚಡಾವು ಏರಿದಾಗ ಎದ್ದು ಕೂರುತ್ತದೆ. ಒಳಗಿನ ಒತ್ತಡ ಎಷ್ಟೋ ಪಟ್ಟು ಏರಿ, ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ಕೂದಲೆಳೆಯ ಬಿರುಕು ಆಗ ಮಾತ್ರ ಬಾಯಿ ತೆರೆಯುತ್ತದೆ, ಕಾಲು ತೆಗೆದೊಡನೆ ಮುಚ್ಚಿಕೊಳ್ಳುತ್ತದೆ. ಹಳೆಯ ಟ್ಯಾಕ್ಸಿಗಳ ಜ್ಞಾನದಿಂದ ನಾನು ಟರ್ಬೊ ಗಾಡಿಯನ್ನು ಮಲಗಿಸಿ ನಾಡಿ ನೋಡಿದ್ದೆ!

"ಗಾಡಿ ಓಡಸೋಣ್ರಿ," ಎಂದೆ. ನನ್ನ ದನಿ ನನಗೇ ಹದಿನೆಂಟು ವರ್ಷದವನದಂತೆ ಕೇಳಿಸಿತು.

ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಬಾಟಲಿಗೆ ಮೇಲಿನಿಂದ ಬರುವ ಸಣ್ಣ ಹೋಸನ್ನು ಕತ್ತರಿಸಿ, ನಡುವೆ ಒಂದು ಕವಲು ಕೂರಿಸಿದೆ. ಅದರಿಂದ ಉದ್ದನೆಯ ಪೈಪು ಎಳೆದು, ತುದಿಗೆ ಒತ್ತಡದ ಗೇಜು ಕಟ್ಟಿ, ಗೇಜನ್ನು ಹೊರಗಿನಿಂದ ಮುಂದಿನ ಗಾಜಿಗೆ ಟೇಪು ಹಚ್ಚಿ ಅಂಟಿಸಿದೆ. ಮುಳ್ಳು ನಮ್ಮ ಕಡೆಗೆ. ಲೆಕ್ಕ ಸರಳ. ನೀರು ಕಾದು ಒತ್ತಡ ಏರಿದರೆ ಮುಳ್ಳು ಮುದುಕರಂತೆ ಮೆಲ್ಲಗೆ ಮೆಟ್ಟಿಲು ಹತ್ತುತ್ತದೆ. ಬೆಂಕಿಯ ಗಾಳಿ ನುಗ್ಗಿದರೆ ಜಿಗಿಯುತ್ತದೆ.

ಮೇಘನಾ ಸ್ಟೇರಿಂಗಿಗೆ. ನಾನು ಪಕ್ಕಕ್ಕೆ. ವಾಸುದೇವಣ್ಣ ಚಾವಿಯನ್ನು ಮಗಳಿಗೆ ಎರವಲು ಕೊಟ್ಟು, "ನಾನಿಲ್ಲದೆ ಗಾಡಿ ಹೊರಡುವುದಿಲ್ಲ," ಎಂದು ಹಿಂದಿನ ಸೀಟಿನ ನಡುಮಧ್ಯೆ ಕೂತು, ಎರಡೂ ಕೈಯಿಂದ ನಮ್ಮ ಸೀಟುಗಳನ್ನು ಹಿಡಿದುಕೊಂಡರು.

ಠಾಣೆ ದಾಟುವವರೆಗೆ ಮುಳ್ಳು ಮೆಲ್ಲಗೆ ಏರಿ ಒಂದು ಕಡೆ ಕೂತಿತು. ಘಾಟಿಯ ಬುಡ ಬಂತು.

"ಮೂರನೇ ಗೇರ್ ಹಾಕ್ರಿ. ಈಗ ಒತ್ರಿ!"

"ಎಷ್ಟು?"

"ನಿಮ್ಮಪ್ಪಾರು ಹೇಳಿದ್ರಲ್ರಿ, ಗ್ರೈಂಡರ್ ಸ್ವಿಚ್ಚು!"

ಒತ್ತಿದಳು. ಟರ್ಬೊ ಶಿಳ್ಳೆ ಹಾಕಿತು, ನನ್ನ ಬೆನ್ನು ಸೀಟಿಗೆ ಅಂಟಿತು. ಮುಳ್ಳು ಟಣ್ಣನೆ ಜಿಗಿಯಿತು! ಕಾಲು ತೆಗೆದಳು, ಮುಳ್ಳು ಅಲ್ಲೇ ನಿಂತಿತು. ಮತ್ತೆ ಒತ್ತಿದಳು, ಮತ್ತೊಂದು ಜಿಗಿತ. ನಾನು ಡ್ಯಾಶ್‌ಬೋರ್ಡನ್ನು ಗುದ್ದಿದೆ.

"ಸಿಕ್ತ್ರಿ! ಸಿಕ್ತು ಕಳ್ಳ!"

"ನಿಧಾನ ಮಗಾ, ನಿಧಾನ! ಎದುರು ಟ್ರಕ್ ಉಂಟು!" ಹಿಂದಿನಿಂದ ವಾಸುದೇವಣ್ಣನ ಆರ್ತನಾದ.

ಪಕ್ಕಕ್ಕೆ ನಿಲ್ಲಿಸಿ, ಕವಲಿನ ಪುಟ್ಟ ವಾಲ್ವಿನಿಂದ ಒಳಗಿನ ಗಾಳಿಯನ್ನು ನೀಲಿ ದ್ರವದೊಳಗೆ ಗುಳುಗುಳು ಬಿಟ್ಟೆ. ಮೂರು ತಲೆಗಳು ಒಂದು ಗಾಜಿನ ನಳಿಗೆಯ ಮೇಲೆ ಬಾಗಿದವು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಅಷ್ಟು ಚೆಂದದ ಹಳದಿಯನ್ನು ನಾನು ನೋಡಿರಲಿಲ್ಲ. ಕುಣಿಯಬೇಕೆನಿಸಿತು, ತಲೆಯೆತ್ತಿದರೆ ಮೇಘನಾಳ ಮುಖ ಬಿಳಿಚಿತ್ತು.

"ಅಂದ್ರೆ ಗ್ಯಾಸ್ಕೆಟ್ ಹೋಗಿದೆ," ಎಂದರು ವಾಸುದೇವಣ್ಣ. "ಭಾನುವಾರ ಗಾಡಿ ಕೊಳ್ಳುವ ಪಾರ್ಟಿ ಬರ್ತಾರೆ. ರಿಪೇರಿ ಮಾಡಿ ಕೊಡಿ, ಮಾರಿ ಬಿಡುವ."

ಪತ್ತೇದಾರಿಕೆಯ ಸಂಭ್ರಮದಲ್ಲಿ ನಾನು ಎರಡನೇ ಆರೋಪಿಯನ್ನು ಮರೆತೇಬಿಟ್ಟಿದ್ದೆ. ನೆನಪಿಡಿ, ಏನು ಕೆಟ್ಟಿದೆ ಎಂದು ಹೇಳಿದರೆ ಅರ್ಧ ಕೆಲಸ. ಯಾಕೆ ಕೆಟ್ಟಿತು ಎನ್ನುವುದೇ ಇನ್ನರ್ಧ.

"ಅಣ್ಣಾರ, ಕೇಸ್ ಮುಗದಿಲ್ರಿ. ಹೆಡ್ ಇಳಸಿದಾಗ ನೀವಿಬ್ರೂ ಬರಬೇಕು," ಎಂದೆ.

ಮರುದಿನ ಮಧ್ಯಾಹ್ನ ಇಬ್ಬರ ಮುಂದೆಯೇ ಹೆಡ್ ಇಳಿಸಿದೆ. ಮೂರನೇ ಸಿಲಿಂಡರಿನ ಪಕ್ಕ ಗ್ಯಾಸ್ಕೆಟ್ಟಿನ ಮೇಲೆ ಕಪ್ಪನೆಯ ಗೆರೆ, ಬೆಂಕಿ ನಡೆದ ದಾರಿ. ಹೆಡ್ಡನ್ನು ಸಾಫ್ ಮಾಡಿ ಬೋರಲು ಹಾಕಿ, ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದೆ.

"ನೋಡ್ರಿ ಅಣ್ಣಾರ. ಎಂಜಿನ್ ಕಾಯಿಸಿ ಓಡಿಸಿದ್ರ ಈ ಹೆಡ್ ಹಪ್ಪಳದಂಗ ಸೊಟ್ಟ ಆಗಿರತೈತಿ. ಪಟ್ಟಿ ಕೆಳಗ ಸಂದು ಬೀಳತೈತಿ. ಸಂದು ಅಳಿಯೂ ಈ ತಗಡುಗಳಾಗ ಎಲ್ಲಕ್ಕಿಂತ ತೆಳ್ಳನ್ನದು ತೂರಿಸ್ರಿ ನೋಡೂಣು."

ವಾಸುದೇವಣ್ಣ ಕನ್ನಡಕ ಏರಿಸಿ ಉದ್ದಕ್ಕೆ ಪ್ರಯತ್ನಿಸಿದರು, ಅಡ್ಡಕ್ಕೆ ಪ್ರಯತ್ನಿಸಿದರು, ಮೂಲೆಯಿಂದ ಮೂಲೆಗೂ ಪ್ರಯತ್ನಿಸಿದರು. ತಗಡು ಎಲ್ಲಿಯೂ ತೂರಲಿಲ್ಲ. ಹೆಡ್ ಹಾಸುಗಲ್ಲಿನಂತೆ ಸಪಾಟಾಗಿತ್ತು.

"ಅಂದ್ರೆ?"

"ಅಂದ್ರ, ಕಾಂಟಾ ಏರಿದ ಪ್ರತಿ ಸಲ ನಿಮ್ಮ ಮಗಳು ಗಾಡಿ ನಿಲ್ಲಿಸ್ಯಾಳ. ಹೇಳಿದ್ದು ಖರೆ."

ಮೇಘನಾ ಪಟ್ಟಿಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಹೋದದ್ದು ಹೇಗೆ?" ಎಂದರು ವಾಸುದೇವಣ್ಣ.

ನಾನು ಬೆರಳಿಟ್ಟು ತೋರಿಸಿದೆ. ನೀರು ಹರಿಯುವ ತೂತುಗಳ ಅಂಚೆಲ್ಲ ಗೆದ್ದಲು ತಿಂದಂತೆ ಕೊರೆದು, ಮೂರನೇ ಸಿಲಿಂಡರಿನ ಬಳಿ ಆ ಕೊರೆತ ಗ್ಯಾಸ್ಕೆಟ್ಟಿನ ಅಡಿಯವರೆಗೂ ಹೋಗಿತ್ತು. ತೂತುಗಳೊಳಗೆ ಬಿಳಿಯ ಹಿಟ್ಟು ಹಿಟ್ಟು.

"ಇದರಾಗ ಯಾರು ಏನು ಹಾಕೀರಿ?"

"ನಾನು ಏನೂ ಹಾಕೋದಿಲ್ಲ," ಎಂದಳು ಮೇಘನಾ. "ಬಾನೆಟ್ ಕೆಲಸ ಎಲ್ಲ ಪಪ್ಪಾ ನೋಡ್ತಾರೆ."

ವಾಸುದೇವಣ್ಣನ ಎದೆ ಸ್ವಲ್ಪ ಮುಂದೆ ಬಂತು. "ಹೌದು. ತಿಂಗಳಿಗೊಮ್ಮೆ ರೇಡಿಯೇಟರ್ ನಾನೇ ಕ್ಲೀನ್ ಮಾಡುವುದು. ಹೋಟೆಲಿನ ಇಡ್ಲಿ ಸ್ಟೀಮರ್ ಇಪ್ಪತ್ತು ವರ್ಷದಿಂದ ಕನ್ನಡಿ ಹಾಗೆ ಉಂಟು. ಅದೇ ಕ್ರಮ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಎಂಜಿನ್ ಅರ್ಧ ಗಂಟೆ ಓಡಿಸಿ ಚೆಲ್ಲುವುದು. ಇಷ್ಟು ಮುತುವರ್ಜಿ ಯಾವ ಸರ್ವೀಸ್ ಸೆಂಟರಿನವ ಮಾಡ್ತಾನೆ ಹೇಳಿ?"

ನಾನು ಗ್ಯಾರೇಜಿನ ಸ್ಟೂಲನ್ನು ಎಳೆದು ಅವರೆದುರು ಕೂತೆ.

"ಅಣ್ಣಾರ, ನಿಮ್ಮ ಸ್ಟೀಮರ್ ಯಾವ ಲೋಹದ್ದು?"

"ಸ್ಟೀಲು."

"ಹೋಟೆಲಿನ್ಯಾಗ ಅಲ್ಯುಮಿನಿಯಂ ಪಾತೇಲಿ ಅದಾವೇನ್ರಿ? ಅವನ್ನೂ ಸೋಡಾ ಕುದಿಸಿ ತೊಳೀತೀರಿ?"

"ಛೆ, ಛೆ! ಎಂತ ಕೇಳ್ತೀರಿ ಮಾರಾಯ್ರೆ! ಅಲ್ಯುಮಿನಿಯಂಗೆ ಸೋಡಾ ಹಾಕ್ತಾರಾ? ಕಪ್ಪಾಗಿ, ತಿಂದು, ತೂತು ಬೀಳ್ತದೆ. ನಮ್ಮಲ್ಲಿ ಒಬ್ಬ ಹೊಸಬ ಹಾಗೆ ಮಾಡಿ ಸಾಂಬಾರಿನ ಪಾತ್ರೆ ಹಾಳು ಮಾಡಿದ. ಇಂಥವನಿಗೆ ಪಾತ್ರೆ ಮುಟ್ಟುವ ಯೋಗ್ಯತೆಯೇ ಇಲ್ಲ ಅಂತ ನಾನು ಎಲ್ಲರೆದುರು..."

ಅವರ ಕಣ್ಣು ಮೇಜಿನ ಮೇಲಿದ್ದ ಹೆಡ್ಡಿನ ಕಡೆಗೆ ಹೋಯಿತು. ಬಗ್ಗಿ ಕಿರುಬೆರಳಿನ ಉಗುರಿನಿಂದ ಒಂದು ಕೊರೆತವನ್ನು ಸವರಿದರು. ಅಡಿಗೆಮನೆಯ ಮನುಷ್ಯ, ಲೋಹ ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದು ಅಲ್ಯುಮಿನಿಯಂ," ಎಂದರು.

"ಹೌದ್ರಿ."

ವಾಸುದೇವಣ್ಣ ಜೇಬಿನಿಂದ ಚಾವಿ ತೆಗೆದು, ಮಗಳ ಕಡೆ ನೋಡದೆ, ಹೆಡ್ಡಿನ ಪಕ್ಕದಲ್ಲಿಟ್ಟರು. ಮೇಘನಾ ತೆಗೆದುಕೊಂಡಳು.

"ಪಪ್ಪಾ, ಇನ್ಮೇಲೆ ಇಡ್ಲಿ ನಿಮ್ದು. ಬಾನೆಟ್ ನಂದು. ಓಕೆ?"

"ಆಯ್ತು," ಎಂದರು ಅವರು. ಆಮೇಲೆ ನನ್ನತ್ತ ತಿರುಗಿ, "ಭಾನುವಾರದ ಪಾರ್ಟಿಗೆ ಬರಬೇಡಿ ಅಂತ ಫೋನು ಮಾಡ್ಬೇಕು," ಎಂದು ಹೊರಗೆ ಹೋದರು.

ಹೆಡ್ಡನ್ನು ಬೈಕುಲ್ಲಾಕ್ಕೆ ಒಯ್ದು ಕೊರೆತಗಳಿಗೆ ವೆಲ್ಡಿಂಗ್ ತುಂಬಿಸಿ, ಮುಖ ಉಜ್ಜಿಸಿ ತಂದೆ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು, ಡಬ್ಬಿ ಒಡೆಯದ ಕೂಲೆಂಟು. ಆದರೆ ನಿಂತಲ್ಲಿ ಪರೀಕ್ಷೆ ಮಾಡಿ ತೀರ್ಪು ಕೊಡುವ ಚಾಳಿ ನನಗೆ ಬಿಟ್ಟುಹೋಗಿತ್ತು. ಮತ್ತೆ ಗೇಜು ಗಾಜಿಗಂಟಿತು, ಮತ್ತೆ ಅದೇ ಮೂವರು, ಅದೇ ಘಾಟಿ.

ಬುಡದಲ್ಲಿ ಮೇಘನಾ ಮೂರನೇ ಗೇರಿಗೆ ಹಾಕಿ ಒತ್ತಿದಳು. ಟರ್ಬೊ ಶಿಳ್ಳೆ ಹಾಕಿತು. ಮುಳ್ಳು ಕದಲಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ. ಆಕೆ ಹಿಂದಿನ ಸೀಟಿನ ಅಪ್ಪನಿಗೆ ಹೆದರಿ ಕಾಲು ಸಡಿಲಿಸುತ್ತಿದ್ದಳು. ಅಷ್ಟರಲ್ಲಿ ನಮ್ಮಿಬ್ಬರ ಭುಜಗಳ ನಡುವೆ ವಾಸುದೇವಣ್ಣನ ತಲೆ ತೂರಿ ಬಂತು. ಕಣ್ಣು ಗೇಜಿನ ಮೇಲೆ, ಹಣೆಯ ಮೇಲೆ ಬೆವರು.

"ಅಷ್ಟು ಸಾಲದು ಮಗಾ," ಎಂದರು. "ಇನ್ನೂ ಒತ್ತು. ಒತ್ತು ಒತ್ತು, ನೋಡಿಯೇ ಬಿಡುವ!"